ಗೌಹರ್ ಜಾನ್: ಮೂರು ನಿಮಿಷದ ತಟ್ಟೆಯಲ್ಲಿ ಉಳಿದ ಬದುಕು



ಇಂದು ನಿಮ್ಮ ಜೇಬಿನಲ್ಲಿರುವ ಮೊಬೈಲಿನಲ್ಲಿ ಸಾವಿರ ಹಾಡುಗಳಿದ್ದರೂ ಅದು ನಿಮಗೆ ಅಚ್ಚರಿಯ ಸಂಗತಿಯಲ್ಲ. ಆದರೆ ಹಾಡನ್ನು ಒಂದು ವಸ್ತುವಿನೊಳಗೆ ಇಟ್ಟು, ಬೇಕಾದಾಗ ಮತ್ತೆ ಹೊರತೆಗೆಯುವ ವಿದ್ಯೆ ಮನುಷ್ಯನಿಗೆ ಸುಲಭವಾಗಿ ದಕ್ಕಿದ್ದಲ್ಲ. ಮೊಳೆ ಬಡಿದ ಮರದ ಉರುಳೆ, ತೂತು ಕೊರೆದ ರಟ್ಟು, ಕಾಗದದ ಸುರುಳಿ, ಮೇಣದ ನಳಿಗೆ, ಅರಗಿನ ತಟ್ಟೆ, ಹೀಗೆ ಒಂದೊಂದೇ ಮೆಟ್ಟಿಲು ಹತ್ತಿ ಆ ವಿದ್ಯೆ ನಮ್ಮವರೆಗೆ ಬಂದಿದೆ. ಈ ಮೆಟ್ಟಿಲುಗಳ ನಡುವೆ ಒಂದು ಕಡೆ ನಮ್ಮ ದೇಶದ ಒಬ್ಬ ಹೆಣ್ಣುಮಗಳು ನಿಂತಿದ್ದಾರೆ. ಅವರ ಹೆಸರು ಗೌಹರ್ ಜಾನ್. ಉತ್ತರ ಪ್ರದೇಶದ ಆಜಂಗಢದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಬೆಳಗಿ, ಕೊನೆಗೆ ನಮ್ಮ ಮೈಸೂರಿನಲ್ಲಿ ಕಣ್ಣು ಮುಚ್ಚಿದವರು. ಅವರು ತೀರಿಕೊಂಡ 1930ರಲ್ಲಿ ಹೊನ್ನಾಳಿಯೂ ಶಿವಮೊಗ್ಗ ಜಿಲ್ಲೆಗೆ ಸೇರಿ ಮೈಸೂರು ಸಂಸ್ಥಾನದಲ್ಲೇ ಇತ್ತು. ಅವರಿಗೆ ಕೊನೆಗಾಲದಲ್ಲಿ ಆಸರೆ ಕೊಟ್ಟ ದೊರೆಯೇ ನಮ್ಮ ಹಿರಿಯರಿಗೂ ದೊರೆ. ಆದ್ದರಿಂದ ಇವರ ಕಥೆ ನಮಗೆ ದೂರದ್ದೇನಲ್ಲ.

ಹಾಡು, ಸಂಗೀತದ ಬಗ್ಗೆ ನಮ್ಮ ಮನೆಗಳಲ್ಲಿ ಬೇರೆ ಬೇರೆ ಅಭಿಪ್ರಾಯಗಳಿವೆ. ಆ ಚರ್ಚೆಗೆ ಇದು ಸ್ಥಳವಲ್ಲ. ಹೊಸದೊಂದು ಯಂತ್ರ ಬಂದಾಗ ದೊಡ್ಡ ದೊಡ್ಡವರು ಹಿಂದೆ ಸರಿದು ನಿಂತಿದ್ದ ಕಾಲದಲ್ಲಿ ಒಬ್ಬ ಹೆಣ್ಣುಮಗಳು ಅದರ ಮುಂದೆ ಹೋಗಿ ಕೂತು, ಅದರ ಗುಣ ದೋಷಗಳನ್ನು ಅರಿತು, ತನ್ನ ವಿದ್ಯೆಯನ್ನು ಅದಕ್ಕೆ ಹೊಂದಿಸಿಕೊಂಡ ಬಗೆಯನ್ನು ನೀವು ತಿಳಿಯಬೇಕು ಎಂಬುದಷ್ಟೇ ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ತಾಲೀಮು

ಗೌಹರ್ ಜಾನ್ ಹುಟ್ಟಿದ್ದು 1873ರ ಜೂನ್ 26ರಂದು. ಹುಟ್ಟಿದಾಗಿನ ಹೆಸರು ಏಂಜೆಲಿನಾ ಯೋವರ್ಡ್. ತಂದೆ ಅರ್ಮೇನಿಯನ್ ಮೂಲದವರು, ಆಜಂಗಢದ ಐಸ್ ಕಾರ್ಖಾನೆಯಲ್ಲಿ ಎಂಜಿನಿಯರ್. ತಾಯಿ ವಿಕ್ಟೋರಿಯಾ ಹೆಮ್ಮಿಂಗ್ಸ್ ಭಾರತದಲ್ಲೇ ಹುಟ್ಟಿ ಬೆಳೆದವರು. ಅವರಿಗೆ ಹಾಡು ಮತ್ತು ನೃತ್ಯದ ಪರಿಚಯವಿತ್ತು. ಮಗಳಿಗೆ ಆರು ವರ್ಷವಾಗಿದ್ದಾಗ, 1879ರಲ್ಲಿ, ತಂದೆ ತಾಯಿಯರ ಸಂಬಂಧ ಮುರಿದುಬಿತ್ತು. ಆಸರೆಯಿಲ್ಲದ ತಾಯಿ ಮಗಳು 1881ರಲ್ಲಿ ಬನಾರಸಿಗೆ ಬಂದರು. ಅಲ್ಲಿ ಇಬ್ಬರೂ ಇಸ್ಲಾಂ ಧರ್ಮ ಸ್ವೀಕರಿಸಿದರು. ತಾಯಿ ಮಲ್ಕಾ ಜಾನ್ ಆದರು, ಮಗಳು ಗೌಹರ್ ಜಾನ್ ಆದಳು. ಗೌಹರ್ ಎಂದರೆ ಮುತ್ತು, ರತ್ನ.

ಆ ಕಾಲದಲ್ಲಿ ಮಲ್ಕಾ ಜಾನ್ ಎಂಬ ಹೆಸರಿನ ಗಾಯಕಿಯರು ಹಲವರಿದ್ದುದರಿಂದ ಇವರನ್ನು ಬಡೀ ಮಲ್ಕಾ ಜಾನ್ ಎಂದು ಕರೆಯುತ್ತಿದ್ದರು. ಅವರು ಉರ್ದು ಬಲ್ಲವರು, ಕವಿತೆ ಬರೆಯುತ್ತಿದ್ದರು. 1883ರಲ್ಲಿ ತಾಯಿ ಮಗಳು ಕಲ್ಕತ್ತೆಗೆ ಹೋದರು. ಅವಧ್ ರಾಜ್ಯವನ್ನು ಬ್ರಿಟಿಷರಿಗೆ ಕಳೆದುಕೊಂಡ ನವಾಬ್ ವಾಜಿದ್ ಅಲಿ ಶಾ ಕಲ್ಕತ್ತೆಯ ಹೊರವಲಯದ ಮಟಿಯಾಬುರ್ಜಿನಲ್ಲಿ ಆಗ ನೆಲೆಸಿದ್ದರು. ರಾಜ್ಯ ಹೋದರೂ ಕಲೆಯ ಆದರ ಹೋಗಿರಲಿಲ್ಲ. ಅಲ್ಲಿ ಮಲ್ಕಾ ಜಾನರಿಗೆ ಆಶ್ರಯ ಸಿಕ್ಕಿತು.

ತಾಯಿ ಮಗಳ ಕಲಿಕೆಗೆ ಕೊರತೆ ಮಾಡಲಿಲ್ಲ. ಪಟಿಯಾಲಾದ ಕಾಲೇ ಖಾನರಂತಹ ಉಸ್ತಾದರ ಬಳಿ ಗಾಯನ, ಲಖನೌದ ಬಿಂದಾದೀನ್ ಮಹಾರಾಜರ ಬಳಿ ಕಥಕ್, ಬೇರೆ ಗುರುಗಳಿಂದ ಧ್ರುಪದ್ ಮತ್ತು ಬಂಗಾಳಿ ಕೀರ್ತನೆ, ಹೀಗೆ ವರ್ಷಗಟ್ಟಲೆ ತಾಲೀಮು ನಡೆಯಿತು. ಜೊತೆಗೆ ಭಾಷೆಗಳ ಅಭ್ಯಾಸ. ಮುಂದೆ ಗೌಹರ್ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಲು ಸಾಧ್ಯವಾದದ್ದು ಈ ಅಡಿಪಾಯದ ಮೇಲೆ. ಹಮ್‌ದಮ್ ಎಂಬ ಕಾವ್ಯನಾಮದಲ್ಲಿ ಅವರು ಗಝಲ್‌ಗಳನ್ನೂ ಬರೆದರು. 1887ರಲ್ಲಿ ದರ್ಭಂಗಾ ಮಹಾರಾಜರ ಆಸ್ಥಾನದಲ್ಲಿ ಮೊದಲ ಕಚೇರಿ ಮಾಡಿದಾಗ ಅವರಿಗೆ ಇನ್ನೂ ಹದಿನಾಲ್ಕು ವರ್ಷ.

ಹೆಣ್ಣುಮಕ್ಕಳಿಗೆ ಶಾಲೆಯ ಬಾಗಿಲು ಇನ್ನೂ ಸರಿಯಾಗಿ ತೆರೆಯದಿದ್ದ ಕಾಲವದು. ಮನೆತನದ ಹೆಂಗಸರಿಗೆ ಅಕ್ಷರವೇ ದೂರವಿದ್ದಾಗ ಓದು, ಬರಹ, ಕಾವ್ಯ, ಸಂಗೀತ ಎಲ್ಲವನ್ನೂ ಕಲಿತವರು ತವಾಯಿಫರು ಮಾತ್ರ. ಸಮಾಜ ಅವರ ವಿದ್ಯೆಯನ್ನು ಕೇಳಿ ಮೆಚ್ಚಿತು, ಆದರೆ ಅವರಿಗೆ ಮನೆಯ ಮಗಳ ಸ್ಥಾನ ಕೊಡಲಿಲ್ಲ. ಗೌಹರ್ ಜಾನರ ಇಡೀ ಬದುಕಿನ ಮೇಲೆ ಈ ಇಬ್ಬಂದಿತನದ ನೆರಳಿದೆ.

ಯಂತ್ರಗಳು ಹಾಡನ್ನು ನೆನಪಿಟ್ಟುಕೊಂಡ ಬಗೆ

ಇನ್ನು ಗೌಹರ್ ಜಾನರನ್ನು ಕಾಯುತ್ತಿದ್ದ ಯಂತ್ರದ ಕಡೆಗೆ ಬರೋಣ. ಅದರ ಮಹತ್ವ ತಿಳಿಯಬೇಕಾದರೆ ಅದಕ್ಕೂ ಮೊದಲು ಬಂದ ಯಂತ್ರಗಳನ್ನು ನೀವು ಸ್ವಲ್ಪ ನೋಡಬೇಕು.

ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಬನೂ ಮೂಸಾ ಸಹೋದರರು ತಾನೇ ನುಡಿಯುವ ಕೊಳಲಿನ ಯಂತ್ರವೊಂದನ್ನು ವಿವರಿಸಿದ್ದಾರೆ. ನೀರಿನ ಬಲದಿಂದ ತಿರುಗುವ ಉರುಳೆ, ಅದರ ಮೇಲೆ ಸಣ್ಣ ಗೂಟಗಳು. ಗೂಟ ಬಂದು ತಗುಲಿದಾಗ ಕೊಳಲಿನ ರಂಧ್ರ ತೆರೆಯುತ್ತದೆ. ಗೂಟಗಳ ಜಾಗ ಬದಲಿಸಿದರೆ ರಾಗ ಬದಲಾಗುತ್ತದೆ. ಹಾಡನ್ನು ವಸ್ತುವಿನಲ್ಲಿ ಬರೆದಿಡುವ ವಿದ್ಯೆಯಲ್ಲಿ ನಮಗೆ ತಿಳಿದಿರುವ ಅತ್ಯಂತ ಹಳೆಯ ಹೆಜ್ಜೆಗಳಲ್ಲಿ ಇದೊಂದು.

ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರ ಹುಲಿಯ ಚಿತ್ರವನ್ನು ನೀವೆಲ್ಲ ಪಠ್ಯಪುಸ್ತಕದಲ್ಲಿ ನೋಡಿದ್ದೀರಿ. 1799ರಲ್ಲಿ ಬ್ರಿಟಿಷರು ಹೊತ್ತೊಯ್ದ ಆ ಮರದ ಹುಲಿ ಇಂದು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಅದರ ಹೊಟ್ಟೆಯಲ್ಲಿ 18 ಸ್ವರಗಳ ಆರ್ಗನ್ ವಾದ್ಯವಿದೆ. ಹಿಡಿಕೆ ತಿರುಗಿಸಿದರೆ ಒಳಗಿನ ತಿದಿ ಗಾಳಿ ಊದಿ, ಹುಲಿ ಗರ್ಜಿಸುತ್ತದೆ, ಅದರ ಕೆಳಗೆ ಬಿದ್ದ ಸಿಪಾಯಿ ನರಳುತ್ತಾನೆ. ಆದರೆ ಹಾಡು ಬರಬೇಕಾದರೆ ಮನುಷ್ಯನೇ ಬೆರಳಿನಿಂದ ಗುಂಡಿಗಳನ್ನು ಒತ್ತಬೇಕು. ಎಂದರೆ ಆ ಯಂತ್ರಕ್ಕೆ ಉಸಿರಿದೆ, ನೆನಪಿಲ್ಲ.

ಯುರೋಪಿನ ಬೀದಿಗಳಲ್ಲಿ ಹಿಡಿಕೆ ತಿರುಗಿಸುತ್ತ ಹಾಡು ನುಡಿಸಿ ಕಾಸು ಕೇಳುತ್ತಿದ್ದವರ ಪೆಟ್ಟಿಗೆಗೆ ಈ ನೆನಪು ಇತ್ತು. ಅದರೊಳಗೆ ಮರದ ಉರುಳೆ, ಉರುಳೆಯ ಮೇಲೆ ಸಾಲು ಸಾಲು ಮೊಳೆಗಳು. ಗಿಡ್ಡ ಸ್ವರಕ್ಕೆ ಒಂದು ಮೊಳೆ, ಉದ್ದ ಸ್ವರಕ್ಕೆ ಬಗ್ಗಿಸಿದ ತಂತಿಯ ಸೇತುವೆ. ಉರುಳೆ ಗಟ್ಟಿಮುಟ್ಟು, ಮಳೆ ಬಿಸಿಲಿಗೆ ಅಷ್ಟಾಗಿ ಹೆದರುವುದಿಲ್ಲ. ಆದರೆ ಹಾಡು ಸಾಮಾನ್ಯವಾಗಿ ಉರುಳೆಯ ಒಂದು ಸುತ್ತಿಗೆ ಮುಗಿಯಬೇಕು. ಉರುಳೆಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಇನ್ನೊಂದು ಹಾಡಿನ ಮೊಳೆಸಾಲಿಗೆ ಹೋಗಬಹುದು. ಹೀಗೆ ಒಂದು ಉರುಳೆಯಲ್ಲಿ ಎಂಟು ಹತ್ತು ಹಾಡು. ಹೊಸ ಹಾಡು ಬೇಕೆಂದರೆ ಕುಶಲಕರ್ಮಿಯೊಬ್ಬ ಕೂತು ಸಾವಿರಾರು ಮೊಳೆ ಬಡಿಯಬೇಕು. ಬೀದಿಯ ಬಡ ವಾದಕನಿಗೆ ಅದು ಎಟುಕುವ ಖರ್ಚಲ್ಲ. ಆದ್ದರಿಂದ ಅವನ ಪೆಟ್ಟಿಗೆ ವರ್ಷಗಟ್ಟಲೆ ಅದೇ ಹಳೆಯ ಹಾಡುಗಳನ್ನು ಹಾಡುತ್ತಿತ್ತು.

ಈ ತೊಡಕನ್ನು ಬಿಡಿಸಲು ನೇಕಾರರ ಮಗ್ಗ ನೆರವಾಯಿತು. ಸೀರೆಯ ಅಂಚಿನ ವಿನ್ಯಾಸವನ್ನು ತೂತು ಕೊರೆದ ರಟ್ಟುಗಳಲ್ಲಿ ಬರೆದಿಡುವ ಜಕಾರ್ಡ್ ಮಗ್ಗವನ್ನು ನೀವು ಕೇಳಿರಬಹುದು. ಅದೇ ಉಪಾಯವನ್ನು 1892ರಲ್ಲಿ ಪ್ಯಾರಿಸಿನ ಗವಿಯೋಲಿ ಕಂಪನಿ ಆರ್ಗನ್ನಿಗೆ ಅಳವಡಿಸಿತು. ಮಡಚಿ ಇಡಬಹುದಾದ ರಟ್ಟಿನ ಪುಸ್ತಕ, ಅದರ ತುಂಬ ತೂತುಗಳು. ಒಂದೊಂದು ಸಾಲು ಒಂದೊಂದು ಕೊಳವೆಗೆ. ತೂತು ಉದ್ದವಿದ್ದಷ್ಟೂ ಸ್ವರ ಉದ್ದ. ಇಲ್ಲಿ ಹಾಡಿಗೆ ಅಳತೆಯ ಕಟ್ಟಿಲ್ಲ, ರಟ್ಟು ಎಷ್ಟು ಉದ್ದವೋ ಹಾಡು ಅಷ್ಟು ಉದ್ದ. ಹೊಸ ಹಾಡಿಗೆ ಹೊಸ ಪುಸ್ತಕ ಸಾಕು. ತೇವಕ್ಕೆ ರಟ್ಟು ಮೆತ್ತಗಾಗದಂತೆ ಅದಕ್ಕೆ ಅರಗಿನ ಲೇಪ ಕೊಡುತ್ತಿದ್ದರು. ಇದಕ್ಕಿಂತ ಹಗುರವಾದದ್ದು ಕಾಗದದ ಸುರುಳಿ. ಅದು ಅಗ್ಗ, ಸಣ್ಣ ಜಾಗದಲ್ಲಿ ಹೆಚ್ಚು ಹಾಡು ಹಿಡಿಯುತ್ತದೆ. ಆದರೆ ಬೇಗ ಹರಿಯುತ್ತದೆ, ಹವೆಯ ತೇವಕ್ಕೆ ಹಿಗ್ಗಿ ಕುಗ್ಗಿ ತೂತುಗಳು ಜಾಗ ತಪ್ಪುತ್ತವೆ. ಮನೆಯೊಳಗಿನ ಪಿಯಾನೋಗೆ ಅದು ಹೊಂದಿತು, ಬೀದಿಗೆ ಅಷ್ಟು ಹೊಂದಲಿಲ್ಲ.

ಈಗ ಒಂದು ಮಾತನ್ನು ಗಮನಿಸಿ. ಉರುಳೆ, ರಟ್ಟು, ಸುರುಳಿ ಮೂರೂ ನೆನಪಿಟ್ಟುಕೊಳ್ಳುವುದು ಧ್ವನಿಯನ್ನಲ್ಲ, ಅಪ್ಪಣೆಯನ್ನು. ಯಾವ ಕೊಳವೆ ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದಷ್ಟೇ ಅವುಗಳ ಜ್ಞಾನ. ನಮ್ಮ ಸಂಗೀತಕ್ಕೆ ಇದು ಸಾಲದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಗಮಕ, ಇವೆಲ್ಲ ಎರಡು ಕೊಳವೆಗಳ ನಡುವಿನ ಖಾಲಿ ಜಾಗದಲ್ಲಿ ಇರುವಂಥವು. ಹಾರ್ಮೋನಿಯಂಗೂ ಇದೇ ಮಿತಿ ಇದೆಯೆಂದು ಆಕಾಶವಾಣಿ 1940ರಿಂದ 1971ರವರೆಗೆ ಆ ವಾದ್ಯವನ್ನೇ ದೂರವಿಟ್ಟಿತ್ತು ಎಂಬುದು ನಿಮ್ಮ ನೆನಪಿನಲ್ಲಿರಲಿ. ಹಾಗಾಗಿ ನಮ್ಮ ಗಾಯನವನ್ನು ಹಿಡಿದಿಡಲು ಧ್ವನಿಯನ್ನೇ ಬರೆದುಕೊಳ್ಳುವ ಯಂತ್ರ ಬರಬೇಕಾಯಿತು.

ನಳಿಗೆಯೋ ತಟ್ಟೆಯೋ

ಅಮೆರಿಕದ ಎಡಿಸನ್ 1877ರಲ್ಲಿ ಫೋನೋಗ್ರಾಫ್ ಮಾಡಿದರು. ತಿರುಗುವ ನಳಿಗೆಯ ಮೇಲೆ ಮುಳ್ಳು ಮೇಲೆ ಕೆಳಗೆ ಅದುರುತ್ತ ಧ್ವನಿಯನ್ನು ಕೊರೆಯುತ್ತಿತ್ತು. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಗ್ರಾಮಫೋನ್ ತಂದರು. ಇದರಲ್ಲಿ ಚಪ್ಪಟೆ ತಟ್ಟೆ, ಮುಳ್ಳಿನ ಅದುರುವಿಕೆ ಅಕ್ಕಪಕ್ಕಕ್ಕೆ.

ಎರಡರಲ್ಲಿ ಯಾವುದು ಮೇಲು? ನಳಿಗೆಯಲ್ಲಿ ಮೊದಲಿನಿಂದ ಕೊನೆಯವರೆಗೆ ಗೀರು ಒಂದೇ ವೇಗದಲ್ಲಿ ಮುಳ್ಳಿನ ಕೆಳಗೆ ಹಾಯುತ್ತದೆ. ತಟ್ಟೆಯಲ್ಲಾದರೆ ಒಳಸುತ್ತಿಗೆ ಬಂದಂತೆ ಆ ವೇಗ ಇಳಿದು ಧ್ವನಿ ಸ್ವಲ್ಪ ಕೆಡುತ್ತದೆ. ನಳಿಗೆಯ ಮೇಲೆ ಮನೆಯಲ್ಲೇ ಮಾತು, ಹಾಡು ಬರೆದುಕೊಳ್ಳಲೂ ಆಗುತ್ತಿತ್ತು. ಇವು ನಳಿಗೆಯ ಹೆಚ್ಚುಗಾರಿಕೆ. ಆದರೆ ತಟ್ಟೆಗೆ ಒಂದು ದೊಡ್ಡ ಗುಣವಿತ್ತು. ಒಂದು ಲೋಹದ ಅಚ್ಚಿನಿಂದ ರೊಟ್ಟಿ ತಟ್ಟಿದ ಹಾಗೆ ಸಾವಿರ ಪ್ರತಿ ಒತ್ತಬಹುದು. ನಡುವೆ ಹೆಸರಿನ ಚೀಟಿ ಅಂಟಿಸಬಹುದು. ಒಂದರ ಮೇಲೊಂದು ಜೋಡಿಸಿ ಹಡಗಿನಲ್ಲಿ ಸಾಗಿಸಬಹುದು. ಆ ತಟ್ಟೆಗೆ ಬೇಕಾದ ಅರಗು ಹೆಚ್ಚಾಗಿ ಹೋಗುತ್ತಿದ್ದದ್ದು ನಮ್ಮ ಭಾರತದ ಕಾಡುಗಳಿಂದಲೇ.

ಕಲ್ಕತ್ತೆಯ ಹೇಮೇಂದ್ರ ಮೋಹನ್ ಬೋಸ್ ಎಂಬ ಸ್ವದೇಶಿ ಉದ್ಯಮಿ ನಳಿಗೆಯನ್ನು ಆರಿಸಿಕೊಂಡರು. ರವೀಂದ್ರನಾಥ ಠಾಕೂರರ ಧ್ವನಿಯನ್ನೂ ನಳಿಗೆಯಲ್ಲಿ ಹಿಡಿದರು. ಆ ನಳಿಗೆಗಳಲ್ಲಿ ಬಹುಪಾಲು ಉಳಿಯಲಿಲ್ಲ. ಅವುಗಳಲ್ಲಿ ಕೆಲವನ್ನು ಮುಂದೆ ತಟ್ಟೆಗೆ ಇಳಿಸಿದ್ದರಿಂದ ಅಷ್ಟಾದರೂ ಉಳಿಯಿತು. ಗೌಹರ್ ಜಾನರ ಪಾಲಿಗೆ ಬಂದದ್ದು ತಟ್ಟೆ.

1902ರ ನವೆಂಬರ್

ಗ್ರಾಮಫೋನ್ ಅಂಡ್ ಟೈಪ್‌ರೈಟರ್ ಕಂಪನಿ ಪೂರ್ವದೇಶಗಳ ಧ್ವನಿ ಹಿಡಿದು ತರಲು ಫ್ರೆಡ್ ಗೈಸ್‌ಬರ್ಗ್ ಎಂಬ ತಂತ್ರಜ್ಞನನ್ನು ಕಳುಹಿಸಿತು. ಆತನೂ ಗೌಹರ್ ಹುಟ್ಟಿದ 1873ರಲ್ಲೇ ಹುಟ್ಟಿದವನು. 1902ರ ಕೊನೆಯಲ್ಲಿ ಆತ ಕಲ್ಕತ್ತೆಗೆ ಬಂದು ಹೋಟೆಲಿನ ಕೋಣೆಯೊಂದನ್ನೇ ಧ್ವನಿಮುದ್ರಣದ ಕೊಠಡಿ ಮಾಡಿಕೊಂಡ. ಭಾರತದಲ್ಲಿ ಗ್ರಾಮಫೋನಿಗೆ ಮೊದಲು ಹಾಡಿದವರು ಗೌಹರ್ ಜಾನ್ ಎಂದು ಹಲವು ಕಡೆ ಬರೆದಿದ್ದಾರೆ. ವಾಸ್ತವವಾಗಿ ಅವರಿಗಿಂತ ಮೂರು ದಿನ ಮೊದಲು, ನವೆಂಬರ್ 8ರಂದು, ಕಲ್ಕತ್ತೆಯ ನಾಟಕ ಕಂಪನಿಯೊಂದರ ಇಬ್ಬರು ಹುಡುಗಿಯರಾದ ಶಶಿಮುಖಿ ಮತ್ತು ಫಣಿಬಾಲಾ ಹಾಡಿದ್ದರು. ಆದರೆ ದೊಡ್ಡ ಹೆಸರಿನ, ಉಸ್ತಾದರ ಬಳಿ ಪಳಗಿದ ಗಾಯಕರಲ್ಲಿ ಮೊದಲಿಗರು ಗೌಹರ್ ಜಾನರೇ. ಆ ದಿನ 1902ರ ನವೆಂಬರ್ 11.

ಅಂದು ಮೈಕ್ ಇರಲಿಲ್ಲ, ವಿದ್ಯುತ್ತಿನ ಸಹಾಯ ಇರಲಿಲ್ಲ. ಗೋಡೆಯಿಂದ ಚಾಚಿದ ದೊಡ್ಡ ತುತ್ತೂರಿಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕು. ಧ್ವನಿಯ ಬಲವೇ ಮುಳ್ಳನ್ನು ಅದುರಿಸಿ ಮೇಣದ ಮೇಲೆ ಗೀರು ಕೊರೆಯಬೇಕು. ತಲೆ ಅತ್ತಿತ್ತ ಆಡಿಸಿದರೆ ಧ್ವನಿ ತಪ್ಪುತ್ತದೆ. ಕಚೇರಿಯಲ್ಲಿ ಕೈ ಬೀಸಿ, ಮುಖ ತಿರುಗಿಸಿ, ಅಭಿನಯ ಮಾಡಿ ಹಾಡುವವರಿಗೆ ಇದು ಸೆರೆಮನೆಯೇ ಸರಿ.

ಇನ್ನೂ ದೊಡ್ಡ ಕಷ್ಟ ಸಮಯದ್ದು. ಒಂದು ತಟ್ಟೆಗೆ ಸುಮಾರು ಮೂರು ನಿಮಿಷ. ಒಂದು ರಾಗವನ್ನು ಗಂಟೆಗಟ್ಟಲೆ ವಿಸ್ತರಿಸುವುದೇ ನಮ್ಮ ಪದ್ಧತಿ. ಮೂರು ನಿಮಿಷದಲ್ಲಿ ಏನು ಹಾಡುವುದು? ಹಲವು ಉಸ್ತಾದರು ಇದೇ ಕಾರಣಕ್ಕೆ ಹಿಂದೆ ಸರಿದರು. ಯಂತ್ರದ ಮುಂದೆ ಹಾಡಿದರೆ ಕಂಠ ಹೋಗುತ್ತದೆ ಎಂಬ ಹೆದರಿಕೆಯೂ ಆಗ ಹರಡಿತ್ತು. ಗೌಹರ್ ಜಾನ್ ಹೆದರಲಿಲ್ಲ. ಮೊದಲು ರಾಗದ ಮುಖವನ್ನು ತೋರಿಸುವ ಚಿಕ್ಕ ಆಲಾಪ, ಕೂಡಲೇ ಬಂದಿಶ್, ನಡುವೆ ಚುರುಕಾದ ತಾನ್‌ಗಳು, ಕೊನೆಗೆ ನಿಲುಗಡೆ. ಹೀಗೆ ಕಡಲನ್ನು ಕೊಡದಲ್ಲಿ ತುಂಬುವ ಕೌಶಲವನ್ನು ಅವರು ಸಾಧಿಸಿದರು. ಅವರ ನಂತರ ಬಂದ ಎರಡು ಮೂರು ತಲೆಮಾರಿನ ಗಾಯಕರು ತಟ್ಟೆಗೆ ಹಾಡುವಾಗ ಹಿಡಿದದ್ದು ಇದೇ ದಾರಿ.

ಹಾಡು ಮುಗಿದೊಡನೆ ಅವರು ಇಂಗ್ಲಿಷಿನಲ್ಲಿ ತನ್ನ ಹೆಸರನ್ನು ಹೇಳಿಕೊಳ್ಳುತ್ತಿದ್ದರು. ಅದು ಜಂಬದ ಮಾತಲ್ಲ. ಕಲ್ಕತ್ತೆಯಲ್ಲಿ ಕೊರೆದ ಮೇಣದ ತಟ್ಟೆಗಳು ಹಡಗಿನಲ್ಲಿ ಜರ್ಮನಿಯ ಹ್ಯಾನೋವರಿಗೆ ಹೋಗಿ ಅಲ್ಲಿ ಅಚ್ಚಾಗಬೇಕಿತ್ತು. ನಮ್ಮ ಭಾಷೆ ಗೊತ್ತಿಲ್ಲದ ಅಲ್ಲಿಯ ಕೆಲಸಗಾರರಿಗೆ ಇದು ಯಾರ ಹಾಡೆಂದು ತಿಳಿದು ಸರಿಯಾದ ಚೀಟಿ ಅಂಟಿಸಲು ಆ ಹೆಸರು ಬೇಕಿತ್ತು. ಮರದ ಉರುಳೆಗಾಗಲಿ, ರಟ್ಟಿನ ಪುಸ್ತಕಕ್ಕಾಗಲಿ ಹೀಗೆ ನುಡಿಸಿದವರ ಹೆಸರನ್ನು ಅವರದೇ ದನಿಯಲ್ಲಿ ಹೇಳಲು ಆಗುತ್ತಿರಲಿಲ್ಲ. 1903ರಲ್ಲಿ ಆ ತಟ್ಟೆಗಳು ಭಾರತದ ಮಾರುಕಟ್ಟೆಗೆ ಬಂದವು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲೇ ತಟ್ಟೆ ಒತ್ತುವ ಕಾರ್ಖಾನೆ ಆರಂಭವಾಯಿತು.

ಕೀರ್ತಿ ಮತ್ತು ಕೋರ್ಟು

1902ರಿಂದ 1920ರವರೆಗೆ ಗೌಹರ್ ಜಾನ್ ಸುಮಾರು 600 ಹಾಡುಗಳನ್ನು ಧ್ವನಿಮುದ್ರಿಸಿದರು. ಖಯಾಲ್, ಠುಮ್ರಿ, ದಾದ್ರಾ, ಗಝಲ್, ಭಜನ್, ನಾತ್, ಬಂಗಾಳಿ ಹಾಡು, ಹೀಗೆ ಅವರು ಮುಟ್ಟದ ಪ್ರಕಾರ ಕಡಿಮೆ. ಅದುವರೆಗೆ ನವಾಬರ, ಜಮೀನ್ದಾರರ ಹಜಾರದಲ್ಲಷ್ಟೇ ಕೇಳುತ್ತಿದ್ದ ಹಾಡು, ಕೀಲಿ ಕೊಟ್ಟರೆ ಸಾಕು, ಅಂಗಡಿಯ ಜಗಲಿಯಲ್ಲೂ ಕೇಳತೊಡಗಿತು. ಜಾತ್ರೆಗಳಲ್ಲಿ ಬಯಾಸ್ಕೋಪ್ ಪೆಟ್ಟಿಗೆಯವರು ಗ್ರಾಮಫೋನ್ ಹಾಕಿ ಮಕ್ಕಳನ್ನು ಕರೆಯುತ್ತಿದ್ದುದನ್ನು ನಿಮ್ಮ ಮನೆಯ ಅಜ್ಜ ಅಜ್ಜಿಯರು ಬಲ್ಲರು. ಯುರೋಪಿನ ಬೀದಿಯಲ್ಲಿ ಆರ್ಗನ್ ಪೆಟ್ಟಿಗೆ ಮಾಡಿದ ಕೆಲಸವನ್ನು ನಮ್ಮಲ್ಲಿ ಮಾಡಿದ್ದು ಈ ತಟ್ಟೆ. ಗೌಹರ್ ಜಾನರ ಚಿತ್ರ ಅಂಚೆ ಕಾರ್ಡುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಅಚ್ಚಾಯಿತು. 1911ರ ಡಿಸೆಂಬರಿನಲ್ಲಿ ಐದನೆಯ ಜಾರ್ಜ್ ದೊರೆಯ ದೆಹಲಿ ದರ್ಬಾರಿನಲ್ಲಿ ಅಲಹಾಬಾದಿನ ಜಾನಕಿ ಬಾಯಿಯವರ ಜೊತೆ ಹಾಡುವ ಗೌರವವೂ ಸಂದಿತು.

ಅವರ ಸಿರಿತನದ ಬಗ್ಗೆ ದಂತಕಥೆಗಳು ಬಹಳ. ಸಾಕಿದ ಬೆಕ್ಕು ಮರಿ ಹಾಕಿತೆಂದು ಸಾವಿರಾರು ರೂಪಾಯಿಯ ಔತಣ ಮಾಡಿಸಿದರಂತೆ. ಸಾಮಾನ್ಯರಿಗೆ ಅನುಮತಿಯಿಲ್ಲದ ಕುದುರೆ ಸಾರೋಟಿನಲ್ಲಿ ತಿರುಗಾಡಿ ದಂಡ ಕಟ್ಟಿದರಂತೆ. ಇವುಗಳಿಗಿಂತ ನೆನಪಿಡಬೇಕಾದ ಇನ್ನೊಂದು ಕಥೆ ಪ್ರಚಲಿತವಿದೆ. ಸ್ವರಾಜ್ಯ ನಿಧಿಗೆ ಹಣ ಕೂಡಿಸಲು ಗಾಂಧೀಜಿ ಕೇಳಿದಾಗ, ಅವರು ಕಚೇರಿಗೆ ಬರಬೇಕೆಂಬ ಷರತ್ತಿನ ಮೇಲೆ ಗೌಹರ್ ಒಪ್ಪಿದರಂತೆ. ಗಾಂಧೀಜಿಗೆ ಬರಲಾಗಲಿಲ್ಲ. ಹಣ ಪಡೆಯಲು ಬಂದ ಮೌಲಾನಾ ಶೌಕತ್ ಅಲಿಯವರಿಗೆ ಅವರು ಕೂಡಿದ ಹಣದಲ್ಲಿ ಅರ್ಧ ಮಾತ್ರ ಕೊಟ್ಟರಂತೆ. ಅರ್ಧ ಮಾತು ನಡೆದದ್ದಕ್ಕೆ ಅರ್ಧ ಹಣ. ತವಾಯಿಫಳ ಹಣ ಬೇಕು, ಅವಳ ಸಭೆ ಬೇಡ ಎಂಬ ನಡೆಗೆ ಆ ಹೆಣ್ಣುಮಗಳು ಕೊಟ್ಟ ಉತ್ತರವೆಂದು ಜನ ಇದನ್ನು ಹೇಳುತ್ತ ಬಂದಿದ್ದಾರೆ.

1906ರಲ್ಲಿ ತಾಯಿ ಮಲ್ಕಾ ಜಾನ್ ತೀರಿಕೊಂಡರು. ಅಲ್ಲಿಂದ ಗೌಹರ್ ಜಾನರ ಕಷ್ಟಗಳು ಶುರುವಾದವು. ಅವರ ಮನೆಯಲ್ಲೇ ಬೆಳೆದ ಯುವಕನೊಬ್ಬ ತಾನೇ ಮಲ್ಕಾ ಜಾನರ ಮಗ, ಆಸ್ತಿಯೆಲ್ಲ ತನ್ನದು, ಗೌಹರ್ ನ್ಯಾಯಬದ್ಧ ಸಂತಾನವೇ ಅಲ್ಲ ಎಂದು ದಾವೆ ಹೂಡಿದ. ದೇಶವೆಲ್ಲ ಹೆಸರು ಬಲ್ಲ ಗಾಯಕಿ ತಾನು ಯಾರ ಮಗಳೆಂದು ಕೋರ್ಟಿನಲ್ಲಿ ರುಜುವಾತು ಮಾಡಬೇಕಾಯಿತು. ಎಂದೋ ಬಿಟ್ಟುಹೋಗಿದ್ದ ತಂದೆಯನ್ನು ಪತ್ತೆ ಹಚ್ಚಬೇಕಾಯಿತು. ಕೊನೆಗೆ ಗೆಲುವು ಅವರದೇ ಆಯಿತು. ಆದರೆ ಹಣ, ಸಮಯ, ನೆಮ್ಮದಿ ಕರಗಿದವು. ಮುಂದೆ ನಂಬಿ ಮದುವೆಯಾದವನ ಜೊತೆಗೂ ವ್ಯಾಜ್ಯ ನಡೆಯಿತು. ಆಸ್ತಿ ಒಂದೊಂದಾಗಿ ಕೈಬಿಟ್ಟಿತು. ಕಲ್ಕತ್ತೆ ಬಿಟ್ಟು ಊರೂರು ಅಲೆಯುವ ಕಾಲ ಬಂತು.

ಮೈಸೂರಿನ ಆಸರೆ

ಹೀಗೆ ಅಲೆಯುತ್ತ ಬಂದ ಅವರನ್ನು ಕೈಹಿಡಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಸ್ವತಃ ಹಲವು ವಾದ್ಯಗಳನ್ನು ನುಡಿಸಬಲ್ಲ ಆ ದೊರೆಯ ಆಸ್ಥಾನದಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರ ಜೊತೆಗೆ ಸಿತಾರ್ ವಾದಕ ಬರ್ಕತುಲ್ಲಾ ಖಾನರಂತಹ ಹಿಂದೂಸ್ತಾನಿ ಕಲಾವಿದರಿಗೂ ಸ್ಥಾನವಿತ್ತು. ಅಬ್ದುಲ್ ಕರೀಮ್ ಖಾನರು ಬಂದು ಹಾಡುತ್ತಿದ್ದರು. ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲವದು. 1928ರ ಆಗಸ್ಟಿನಲ್ಲಿ ಗೌಹರ್ ಜಾನರನ್ನು ತಿಂಗಳಿಗೆ 500 ರೂಪಾಯಿ ಸಂಬಳದ ಮೇಲೆ ಅರಮನೆಯ ಗಾಯಕಿಯಾಗಿ ನೇಮಿಸಲಾಯಿತು. ದಿಲ್‌ಖುಷ್ ಕಾಟೇಜ್ ಎಂಬ ಮನೆಯಲ್ಲಿ ಅವರ ವಾಸ. ಹೆಸರು ದಿಲ್‌ಖುಷ್ ಆದರೂ ಒಳಗಿದ್ದವರ ಮನಸ್ಸಿಗೆ ಸುಖವಿರಲಿಲ್ಲ. ಆರೋಗ್ಯ ಕೆಟ್ಟಿತ್ತು, ಒಂಟಿತನ ಕಾಡುತ್ತಿತ್ತು. 1930ರ ಜನವರಿ 17ರಂದು ಮೈಸೂರಿನ ಕೃಷ್ಣರಾಜೇಂದ್ರ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಆಗ ಅವರಿಗೆ 56 ವರ್ಷ.

ಅಷ್ಟು ಹೊತ್ತಿಗೆ ಮೈಕ್ ಮತ್ತು ವಿದ್ಯುತ್ತಿನ ಧ್ವನಿಮುದ್ರಣ ಬಂದಾಗಿತ್ತು. ಪಿಸುಮಾತನ್ನೂ ಹಿಡಿಯಬಲ್ಲ ಆ ಹೊಸ ವಿದ್ಯೆ ಬರುವ ಮೊದಲೇ ಗೌಹರ್ ಜಾನರ ಕೆಲಸ ಹೆಚ್ಚುಕಡಿಮೆ ಮುಗಿದಿತ್ತು. ಆದ್ದರಿಂದ ಇಂದು ನಮಗೆ ಕೇಳುವುದು ತುತ್ತೂರಿಯ ಬಾಯಿಗೆ ಅವರು ಎತ್ತರಿಸಿ ಹಾಡಿದ ಕಂಠ ಮಾತ್ರ. ಹಜಾರದಲ್ಲಿ ಕುಳಿತು ಮೆಲ್ಲಗೆ ಹಾಡಿದಾಗ ಆ ಕಂಠ ಹೇಗಿತ್ತೆಂಬುದು ಕೇಳಿದವರ ಜೊತೆಗೇ ಹೋಯಿತು.

ಉಳಿದದ್ದು ಏನು

ಓದುಗರೇ, ಈಗ ಲೆಕ್ಕ ಹಾಕಿ ನೋಡಿ. ಮನೆ ಉಳಿಯಲಿಲ್ಲ. ಒಡವೆ ಉಳಿಯಲಿಲ್ಲ. ಸಾರೋಟು ಉಳಿಯಲಿಲ್ಲ. ಸಂತಾನ ಇರಲಿಲ್ಲ. ಉಳಿದದ್ದು ಎರಡು. ಮೊದಲನೆಯದು ಅರಗಿನ ತಟ್ಟೆಗಳು. ಎರಡನೆಯದು ಮೈಸೂರು ಅರಮನೆಯ ಕಡತಗಳಲ್ಲಿದ್ದ ಅವರ ಪತ್ರಗಳು, ಸಂಬಳದ ಕಾಗದಗಳು. ಆ ಕಡತಗಳ ಜಾಡು ಹಿಡಿದು ಬೆಂಗಳೂರಿನ ವಿಕ್ರಮ್ ಸಂಪತ್ ಅವರು ಬರೆದ ಜೀವನಚರಿತ್ರೆ 2010ರಲ್ಲಿ ಪ್ರಕಟವಾಯಿತು. ಹಳೆಯ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಿ ಎಲ್ಲರಿಗೂ ಉಚಿತವಾಗಿ ಕೇಳಿಸುವ ಕೆಲಸವೂ ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಆರಂಭವಾಯಿತು. 1902ರಲ್ಲಿ ಮೇಣದ ಮೇಲೆ ಬಿದ್ದ ಗೀರು ಇಂದು ನಿಮ್ಮ ಮೊಬೈಲಿನಲ್ಲಿ ದನಿಯಾಗುತ್ತದೆ. ಗರಗರ ಸದ್ದಿನ ನಡುವೆ ಒಬ್ಬ ಹೆಣ್ಣುಮಗಳು ಹಾಡಿ ಮುಗಿಸಿ ತನ್ನ ಹೆಸರು ಹೇಳುತ್ತಾಳೆ.

ಮೈಸೂರಿಗೆ ಶಾಲಾ ಪ್ರವಾಸ ಹೋದಾಗ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಹಳೆಯ ಸಂಗೀತ ಗಡಿಯಾರವನ್ನು ನೀವು ನೋಡಿರಬಹುದು. ಅದನ್ನು ನೋಡುವಾಗ ಉರುಳೆಗೂ ರಟ್ಟಿಗೂ ತಟ್ಟೆಗೂ ಇರುವ ವ್ಯತ್ಯಾಸವನ್ನು ನೆನಪಿಸಿಕೊಳ್ಳಿ. ಅಪ್ಪಣೆಯನ್ನು ಬರೆದಿಟ್ಟರೆ ರಾಗ ಉಳಿಯುತ್ತದೆ. ಧ್ವನಿಯನ್ನು ಬರೆದಿಟ್ಟರೆ ಮನುಷ್ಯ ಉಳಿಯುತ್ತಾನೆ. ಕಾಗದಪತ್ರವನ್ನು ಜೋಪಾನ ಮಾಡಿದರೆ ಅವನ ಹಕ್ಕೂ, ಚರಿತ್ರೆಯೂ ಉಳಿಯುತ್ತದೆ. ಗೌಹರ್ ಜಾನರ ಬದುಕಿನಲ್ಲಿ ಈ ಮೂರೂ ಪಾಠಗಳಿವೆ.

ವಿದ್ಯಾರ್ಥಿ ಮಿತ್ರರಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಮನೆಯಲ್ಲಿ ನಾನಿ, ದಾದಿಯರಿದ್ದಾರೆ. ತುಂಗಭದ್ರೆಯ ದಡದ ಹಳೆಯ ಸಂಗತಿಗಳು, ಮದುವೆ ಮನೆಯಲ್ಲಿ ಹೆಂಗಸರು ದಖನಿಯಲ್ಲಿ ಹಾಡುತ್ತಿದ್ದ ಪದಗಳು, ಗದ್ದೆಯ ಕನ್ನಡ ಪದಗಳು ಅವರ ನಾಲಿಗೆಯ ಮೇಲಿವೆ. ಅವು ಯಾವ ಪುಸ್ತಕದಲ್ಲೂ ಇಲ್ಲ. ಗೌಹರ್ ಜಾನರಿಗೆ ಸಿಕ್ಕಿದ್ದು ಮೂರು ನಿಮಿಷ, ನಿಮ್ಮ ಕೈಯಲ್ಲಿರುವ ಯಂತ್ರಕ್ಕೆ ಅಂಥ ಕಟ್ಟಿಲ್ಲ. ಅವರನ್ನು ಕೂರಿಸಿ, ಕೇಳಿ, ಮುದ್ರಿಸಿಕೊಳ್ಳಿ. ಕೊನೆಯಲ್ಲಿ ಅವರ ಹೆಸರು, ಊರು, ದಿನಾಂಕವನ್ನು ಅವರ ಬಾಯಿಂದಲೇ ಹೇಳಿಸಿ. ಒಂದೇ ಕಡೆ ಇಟ್ಟುಕೊಳ್ಳಬೇಡಿ. ಫೋನ್ ಕಳೆದುಹೋಗುತ್ತದೆ, ನೀರಿಗೆ ಬೀಳುತ್ತದೆ. ಕಲ್ಕತ್ತೆಯ ನಳಿಗೆಗಳಲ್ಲಿ ಉಳಿದವು ಪ್ರತಿ ಮಾಡಿದವು ಮಾತ್ರ ಎಂಬುದು ನಿಮಗೆ ಗೊತ್ತಾಗಿದೆ. ಆದ್ದರಿಂದ ಎರಡು ಮೂರು ಕಡೆ ಪ್ರತಿ ಇಡಿ, ಒಂದನ್ನು ನಿಮ್ಮ ಶಾಲೆಯ ಗ್ರಂಥಾಲಯಕ್ಕೆ ಕೊಡಿ. ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಈ ಕೆಲಸ ಶುರುವಾಗಲಿ.